ಮನೇಲಿ ಮಾಡಿದ ಐಸ್ಡ್ ಟೀ ಒಗರಾಗತ್ತೆ, ಬಗ್ಗಡ ಆಗತ್ತೆ, ಏನ್ ಮಾಡೋದು?

ಪ್ರಶ್ನೆ: ಬೇಸಿಗೆ ಶುರುವಾದಾಗಿಂದ ಮನೇಲೇ ಐಸ್ಡ್ ಟೀ ಮಾಡ್ತಾ ಇದೀನಿ, ಒಂದ್ಸಲಾನೂ ಸರಿ ಬಂದಿಲ್ಲ. ಟೀ ಪುಡಿ ಹಾಕಿ ಚೆನ್ನಾಗಿ ಕುದಿಸಿ, ಸೋಸಿ, ರಾತ್ರಿ ಫ್ರಿಜ್‌ನಲ್ಲಿ ಇಡ್ತೀನಿ. ಬೆಳಿಗ್ಗೆ ನೋಡಿದ್ರೆ ಬಗ್ಗಡ ನೀರಿನ ಥರ ಆಗಿರತ್ತೆ, ಕುಡಿದ್ರೆ ಒಗರು, ಐಸ್ ಹಾಕಿದ್ರೆ ನೀರು ನೀರು, ಸಕ್ಕರೆ ಹಾಕಿದ್ರೆ ತಳದಲ್ಲೇ ಕೂತಿರತ್ತೆ. ಎಲ್ಲಿ ತಪ್ತಾ ಇದೆ? ಮಕ್ಕಳೂ ಕೇಳ್ತಾರೆ, ಅವರಿಗೆ ಕೊಡಬಹುದಾ?

ಉತ್ತರ: ನೀವು ಹೇಳಿರೋ ತೊಂದ್ರೆಗಳು ಬೇರೆ ಬೇರೆ ಅನ್ನಿಸಿದ್ರೂ ಅವುಗಳ ಬೇರು ಹೆಚ್ಚುಕಮ್ಮಿ ಒಂದೇ. ಬಿಸಿಬಿಸಿಯಾಗಿ ಕುಡಿಯೋ ಟೀನ ಮಾಡ್ಕೊಂಡು ಆಮೇಲೆ ಅದನ್ನ ತಣ್ಣಗೆ ಮಾಡ್ತಾ ಇದೀರಿ. ಐಸ್ಡ್ ಟೀಗೆ ಎಲೆ ಎಷ್ಟು, ನೀರು ಎಷ್ಟು, ಎಷ್ಟು ಹೊತ್ತು ನೆನೀಬೇಕು, ಐಸ್ ಎಷ್ಟು ಕರಗತ್ತೆ ಇದೆಲ್ಲ ಮೊದಲೇ ಲೆಕ್ಕ ಇಟ್ಕೊಂಡು ಮಾಡ್ಬೇಕು, ಹಾಗೆ ಮಾಡಿದ್ರೆ ನಿಜವಾಗ್ಲೂ ತುಂಬಾ ಸುಲಭದ ಕೆಲ್ಸ ಇದು.

ಮೊದಲು ಒಗರಿನ ವಿಷ್ಯ ತಗೊಳ್ಳೋಣ ಯಾಕಂದ್ರೆ ಜನ ಐಸ್ಡ್ ಟೀ ಬಿಟ್ಟುಬಿಡೋದೇ ಇದಕ್ಕೆ. ಟೀ ಎಲೆಯಲ್ಲಿ ಕೆಫೀನ್ ಇದೆ, ಪಾಲಿಫಿನಾಲ್‌ಗಳಿವೆ (ಮಾಮೂಲಿಯಾಗಿ ಟ್ಯಾನಿನ್ ಅಂತೀವಲ್ಲ, ಅವು), ಥಿಯನೀನ್ ಅನ್ನೋ ಅಮೈನೋ ಆಸಿಡ್ ಇದೆ, ಆಮೇಲೆ ಪರಿಮಳ ಕೊಡೋ ಎಣ್ಣೆ ಅಂಶ ಇದೆ. ಬಿಸಿ ನೀರು ಬಿದ್ದ ತಕ್ಷಣ ಇವೆಲ್ಲ ಒಂದೇ ಸ್ಪೀಡಲ್ಲಿ ಹೊರಗೆ ಬರಲ್ಲ. ಪರಿಮಳ, ಬಣ್ಣ, ಕೆಫೀನ್‌ನ ದೊಡ್ಡ ಪಾಲು ಇವೆಲ್ಲ ಮೊದಲ ಎರಡು ಮೂರು ನಿಮಿಷದಲ್ಲೇ ಬಂದುಬಿಡತ್ತೆ, ಬಾಯಿ ಒಣಗಿಸೋ ಟ್ಯಾನಿನ್ ಮಾತ್ರ ಎಲೆ ಬಿಸಿ ನೀರಲ್ಲಿ ಇರೋವಷ್ಟು ಹೊತ್ತೂ ಬರ್ತಾನೇ ಇರತ್ತೆ. ನೀವು ಟೀ ಪುಡಿ ಹಾಕಿ ಹತ್ತು ನಿಮಿಷ ಕುದಿಸಿದ್ರೆ ಪರಿಮಳ ಆವಿಯಲ್ಲಿ ಹೋಗಿರತ್ತೆ, ಪಾತ್ರೇಲಿ ಉಳಿದಿರೋದು ಒಗರು. ಹಾಲು ಹಾಕೋ ಟೀಗೆ ಇದು ಅಷ್ಟು ಗೊತ್ತಾಗಲ್ಲ, ಹಾಲಲ್ಲಿರೋ ಪ್ರೋಟೀನ್ ಟ್ಯಾನಿನ್‌ನ ಹಿಡ್ಕೊಂಡುಬಿಡತ್ತೆ, ಅದಕ್ಕೇ ಗಟ್ಟಿಯಾಗಿ ಕುದಿಸಿದ ಡಿಕಾಕ್ಷನ್ನೂ ಹಾಲು ಬಿದ್ರೆ ಚೆನ್ನಾಗೇ ಇರತ್ತೆ. ಐಸ್ಡ್ ಟೀಲಿ ಹಾಲಿಲ್ಲ, ಜೊತೆಗೆ ತಣ್ಣಗಾದಾಗ ನಾಲಿಗೆಗೆ ಸಿಹಿ ಕಮ್ಮಿ ಗೊತ್ತಾಗತ್ತೆ, ಹಾಗಾಗಿ ಒಗರು ಒಂದೇ ಎದ್ದು ನಿಲ್ಲತ್ತೆ.

ಅದಕ್ಕೇ ನಾನು ಯಾರು ಕೇಳಿದ್ರೂ ಮೊದಲು ಹೇಳೋದು ಇದನ್ನೇ: ಸ್ಟ್ರಾಂಗ್ ಬೇಕಾದ್ರೆ ಎಲೆ ಜಾಸ್ತಿ ಹಾಕಿ, ಹೊತ್ತು ಜಾಸ್ತಿ ಮಾಡ್ಬೇಡಿ. ಕುದಿಸಲೂ ಬೇಡಿ. ನೀರು ಕುದಿ ಬಂದ ಮೇಲೆ ಒಲೆ ಆರಿಸಿ, ಆಮೇಲೆ ಎಲೆ ಹಾಕಿ ಮುಚ್ಚಿಡಿ, 4 ನಿಮಿಷ, ಹೆಚ್ಚಂದ್ರೆ 5, ಅಷ್ಟೇ, ಸೋಸಿಬಿಡಿ. ಟೀ ಬ್ಯಾಗ್ ಆದ್ರೆ ತೆಗೆಯೋವಾಗ ಸ್ಪೂನಲ್ಲಿ ಒತ್ತಿ ಹಿಂಡ್ತಾರಲ್ಲ ಅದನ್ನ ಮಾಡ್ಬೇಡಿ, ಆ ಕೊನೆಯ ನಾಲ್ಕು ಹನಿಯಲ್ಲಿ ಇರೋದೆಲ್ಲ ಒಗರೇ.

ಇನ್ನು ಎಲೆ. ಸಣ್ಣ ಸಣ್ಣ ಕಾಳಿನ ಥರ ಇರೋದು ಸಿಟಿಸಿ ಟೀ, ಎಲೆಯನ್ನ ಮೆಷಿನ್‌ನಲ್ಲಿ ಜಜ್ಜಿ, ಹರಿದು, ಸುರುಳಿ ಮಾಡಿರ್ತಾರೆ, ಬೇಗ ಗಾಢ ಬಣ್ಣ ಬಿಡಲಿ ಅಂತಾನೇ ಮಾಡಿರೋದು. ಹಾಲಿನ ಟೀಗೆ ಅದು ಅದ್ಭುತ, ಐಸ್ಡ್ ಟೀಗೆ ಸ್ವಲ್ಪ ಒರಟು. ಸುರುಳಿ ಸುರುಳಿ ಉದ್ದ ಎಲೆ ಇರೋ ಆರ್ಥೊಡಾಕ್ಸ್ ಟೀ ಸಿಕ್ಕಿದ್ರೆ ಅದನ್ನೇ ತಗೊಳ್ಳಿ. ಅದರಲ್ಲೂ ನೀಲಗಿರಿ ಎಲೆಗೆ ಒಂದು ವಿಶೇಷ ಗುಣ ಇದೆ, ತಣ್ಣಗಾದ್ರೂ ತಿಳಿಯಾಗೇ ಉಳಿಯತ್ತೆ, ಐಸ್ಡ್ ಟೀ ಮಾಡೋರು ಅದನ್ನ ಹುಡುಕಿ ತಗೊಳ್ಳೋದು ಅದಕ್ಕೇ. ಅಸ್ಸಾಂ ಟೀ ಗಟ್ಟಿ, ಬಣ್ಣ ಚೆಂದ, ಆದ್ರೆ ತಣ್ಣಗಾದ್ರೆ ಬೇಗ ಬಗ್ಗಡ ಆಗತ್ತೆ. ಮನೇಲಿ ಸಿಟಿಸಿ ಬಿಟ್ರೆ ಬೇರೆ ಇಲ್ಲ ಅಂದ್ರೆ ಅದರಲ್ಲೂ ಮಾಡಬಹುದು, ಮುಂದೆ ಹೇಳೋ ಎಲೆ ಅಳತೇಲಿ ಮೂರನೇ ಒಂದು ಪಾಲು ಕಮ್ಮಿ ಮಾಡಿ, ಹೊತ್ತು 2 ನಿಮಿಷಕ್ಕೆ ಇಳಿಸಿ.

ಈಗ ಐಸ್ ಲೆಕ್ಕ. ಇದನ್ನ ಒಂದ್ಸಲ ಅರ್ಥ ಮಾಡ್ಕೊಂಡ್ರೆ "ನೀರು ನೀರು" ಅನ್ನೋ ಮಾತೇ ಬರಲ್ಲ, ಅದಕ್ಕೆ ಸ್ವಲ್ಪ ಬಿಡಿಸಿ ಹೇಳ್ತೀನಿ. 1 ಗ್ರಾಂ ಐಸ್ ಕರಗೋಕೆ ಸುಮಾರು 334 ಜೂಲ್ ಶಾಖ ಬೇಕು, 1 ಗ್ರಾಂ ನೀರು 1 ಡಿಗ್ರಿ ತಣ್ಣಗಾದಾಗ ಬಿಡೋದು ಬರೀ 4.2 ಜೂಲ್. ಅಂದ್ರೆ 1 ಗ್ರಾಂ ಐಸ್ ಕರಗಿದ್ರೆ ಅಷ್ಟೇ ತೂಕದ ನೀರನ್ನ ಸುಮಾರು 80 ಡಿಗ್ರಿ ಇಳಿಸತ್ತೆ. ನಾಲ್ಕು ನಿಮಿಷ ನೆನೆಸಿ ಸೋಸಿದ ಟೀ 85 ಡಿಗ್ರಿ ಆಸುಪಾಸಲ್ಲಿ ಇರತ್ತೆ ಅಂದ್ಕೊಳ್ಳಿ, ಅಂಥ ಅರ್ಧ ಲೀಟರ್ ಟೀ 5 ಡಿಗ್ರಿಗೆ ಬರೋಕೆ, ಫ್ರೀಜರ್‌ನಿಂದ ಈಗಷ್ಟೇ ತೆಗೆದ ಐಸ್ ಆದ್ರೆ, ಹತ್ತಿರ ಹತ್ತಿರ 425 ಗ್ರಾಂ ಕರಗಿಹೋಗತ್ತೆ. ಅಂದ್ರೆ ನಿಮ್ಮ ಅರ್ಧ ಲೀಟರ್ ಟೀ ಹೆಚ್ಚುಕಮ್ಮಿ ಒಂದು ಲೀಟರ್ ಆಯ್ತು! ಮಾಮೂಲಿ ಹದದಲ್ಲಿ ಮಾಡಿದ ಟೀಗೆ ಇಷ್ಟು ನೀರು ಸೇರಿದ್ರೆ ರುಚಿ ಎಲ್ಲಿಂದ ಬರಬೇಕು ಹೇಳಿ. ಅದೇ ಟೀ ಮೊದಲೇ ರೂಮ್ ಟೆಂಪರೇಚರ್‌ಗೆ ಬಂದಿದ್ರೆ ಒಂದು ಲೋಟಕ್ಕೆ 50 ಗ್ರಾಂ ಐಸ್ ಕರಗಿದ್ರೆ ಸಾಕಾಗತ್ತೆ, ಫ್ರಿಜ್‌ನಿಂದ ತೆಗೆದಿದ್ರೆ ಶುರುವಲ್ಲಿ ಐಸ್ ಕರಗೋದೇ ಇಲ್ಲ ಅನ್ನೋಷ್ಟು ಕಮ್ಮಿ. ಹಾಗಾಗಿ ಟೀ ಎಷ್ಟು ಬಿಸಿ ಇದ್ದಾಗ ಐಸ್ ಹಾಕ್ತೀರಿ ಅನ್ನೋದರ ಮೇಲೆ ಎಷ್ಟು ಗಟ್ಟಿ ಮಾಡ್ಬೇಕು ಅನ್ನೋದು ನಿರ್ಧಾರ ಆಗತ್ತೆ.

ಇದನ್ನ ಇಟ್ಕೊಂಡು ತಕ್ಷಣ ಕುಡಿಯೋ ಐಸ್ಡ್ ಟೀ ಹೀಗೆ ಮಾಡಿ. ಅರ್ಧ ಲೀಟರ್ ನೀರು ಕುದಿಸಿ ಒಲೆ ಆರಿಸಿ, 12 ಗ್ರಾಂ ಎಲೆ ಹಾಕಿ (ಉದ್ದ ಎಲೆ ಆದ್ರೆ ಆರು ಟೀ ಸ್ಪೂನ್ ಆಗಬಹುದು, ಎಲೆ ಎಷ್ಟು ದೊಡ್ಡದು ಅನ್ನೋದರ ಮೇಲೆ ಸ್ಪೂನ್ ಅಳತೆ ಬದಲಾಗತ್ತೆ, ಸಣ್ಣ ತಕ್ಕಡಿ ಇದ್ರೆ ಒಳ್ಳೇದು), ಮುಚ್ಚಿ 4 ನಿಮಿಷ ಬಿಡಿ. ಅಷ್ಟರಲ್ಲಿ ಒಂದು ಅಗಲದ ಸ್ಟೀಲ್ ಪಾತ್ರೆಗೆ 450 ಗ್ರಾಂ ಐಸ್ ಹಾಕಿಟ್ಕೊಳ್ಳಿ. ಸಿಹಿ ಬೇಕಾದವರು ಸಕ್ಕರೆನ ಇಲ್ಲೇ, ಬಿಸಿ ಡಿಕಾಕ್ಷನ್‌ಗೇ ಹಾಕಿ ಕರಗಿಸಿ, ಆಮೇಲೆ ನೇರವಾಗಿ ಐಸ್ ಮೇಲೆ ಸೋಸಿ. ಚಟಪಟ ಅಂತ ಐಸ್ ಸೀಳೋ ಸದ್ದು ಬರತ್ತೆ, ಸ್ಪೂನಲ್ಲಿ ತಿರುಗಿಸ್ತಾ ಇದ್ರೆ ಒಂದೆರಡು ನಿಮಿಷಕ್ಕೆಲ್ಲ ಪಾತ್ರೆಯ ಹೊರಗೆ ಹನಿ ಕಟ್ಟತ್ತೆ, ಕೊನೆಗೆ ಐಸ್‌ನ ಚೂರುಗಳು ಮಾತ್ರ ಮೇಲೆ ತೇಲ್ತಾ ಇರತ್ತೆ, ಬಣ್ಣ ನೋಡಿದ್ರೆ ಸರಿಯಾದ ಕುಡಿಯೋ ಹದ. ಮಾಮೂಲಿ ಗಾಜಿನ ಜಗ್‌ಗೆ ಬಿಸಿ ಟೀ ಸುರೀಬೇಡಿ, ಒಂದು ಕಡೆ ಐಸ್ ಇನ್ನೊಂದು ಕಡೆ ಕುದಿಯೋ ನೀರು ಬಿದ್ರೆ ಗಾಜು ಒಡೆಯತ್ತೆ. ಮೊದಲು ಸ್ಟೀಲ್‌ನಲ್ಲಿ ತಣ್ಣಗೆ ಮಾಡಿ ಆಮೇಲೆ ಜಗ್‌ಗೆ ಹಾಕ್ಕೊಳ್ಳಿ. ಕುಡಿಯೋ ಲೋಟಕ್ಕೆ ಬೇರೆ ಹೊಸ ಐಸ್ ಹಾಕಿ, ಟೀ ಆಗ್ಲೇ ತಣ್ಣಗಿರೋದ್ರಿಂದ ಅದು ನಿಧಾನವಾಗಿ ಕರಗತ್ತೆ.

ಗ್ರೀನ್ ಟೀ ಆದ್ರೆ ಕುದಿಯೋ ನೀರು ಹಾಕಲೇಬಾರದು, 80 ಡಿಗ್ರಿ ಸಾಕು, ಹೊತ್ತೂ 2 ನಿಮಿಷ. ಥರ್ಮಾಮೀಟರ್ ಬೇಕಾಗಿಲ್ಲ, 3 ಪಾಲು ಕುದಿಯೋ ನೀರಿಗೆ 1 ಪಾಲು ಮಾಮೂಲಿ ನೀರು ಬೆರೆಸಿದ್ರೆ ಸರಿಸುಮಾರು ಅಲ್ಲಿಗೇ ಬರತ್ತೆ.

ಆದ್ರೆ ನನ್ನ ಕೇಳಿದ್ರೆ, ಬೇಸಿಗೆ ಪೂರ್ತಿ ಮನೇಲಿ ಇಟ್ಕೊಳ್ಳೋಕೆ ಇದಕ್ಕಿಂತ ಒಳ್ಳೇದು ಕೋಲ್ಡ್ ಬ್ರೂ. ಒಲೆ ಹಚ್ಚೋದೇ ಬೇಡ. ಒಂದು ಲೀಟರ್ ಕುಡಿಯೋ ತಣ್ಣೀರಿಗೆ 10 ಗ್ರಾಂ ಎಲೆ ಹಾಕಿ, ಮುಚ್ಚಳ ಹಾಕಿ, ಫ್ರಿಜ್‌ನಲ್ಲಿ ಇಟ್ಟುಬಿಡಿ. ಗ್ರೀನ್ ಟೀಗೆ 4ರಿಂದ 6 ಗಂಟೆ, ಬ್ಲ್ಯಾಕ್ ಟೀಗೆ 8ರಿಂದ 10 ಗಂಟೆ. ತಣ್ಣೀರಿಗೆ ಒಗರಿನ ಪಾಲಿಫಿನಾಲ್‌ಗಳನ್ನ ಎಳೆಯೋ ಶಕ್ತಿ ಕಮ್ಮಿ, ಕೆಫೀನೂ ಕಮ್ಮಿ ಬಿಡತ್ತೆ, ಆದ್ರೆ ಒಂಥರಾ ತಿಳಿ ಸಿಹಿ ರುಚಿ ಕೊಡೋ ಅಮೈನೋ ಆಸಿಡ್‌ಗಳು ತಣ್ಣೀರಲ್ಲೂ ಚೆನ್ನಾಗೇ ಬರತ್ತೆ, ಅದಕ್ಕೇ ಅದೇ ಎಲೆ ಕೋಲ್ಡ್ ಬ್ರೂ ಮಾಡಿದಾಗ ಬೇರೆಯದೇ ಟೀ ಕುಡಿದ ಹಾಗೆ ಅನ್ಸತ್ತೆ. ಶುರುವಲ್ಲಿ ಗಾಬರಿ ಆಗ್ಬೇಡಿ, ಅರ್ಧ ಗಂಟೆ ಆದ್ರೂ ನೀರು ಬರೀ ತೆಳು ಹಳದಿ ಇರತ್ತೆ, ಎಲೆಗಳು ಮೇಲೇ ತೇಲ್ತಾ ಇರತ್ತೆ, ಬಾಟಲಿ ಪಕ್ಕದಿಂದ ನೋಡಿದ್ರೆ ಒಂದೊಂದು ಎಲೆಯಿಂದ ಬಣ್ಣ ನೂಲಿನ ಹಾಗೆ ಕೆಳಗಿಳೀತಾ ಇರೋದು ಕಾಣ್ಸತ್ತೆ. ಒಂದ್ಸಲ ಬಾಟಲಿ ಮೆಲ್ಲಗೆ ತಿರುಗಿಸಿ ಇಟ್ರೆ ಸಾಕು. ಬೆಳಿಗ್ಗೆ ಹೊತ್ತಿಗೆ ಎಲೆಗಳೆಲ್ಲ ಬಿಚ್ಕೊಂಡು ತಳಕ್ಕೆ ಕೂತಿರತ್ತೆ, ಆಗ ಸೋಸಿ, ಎಲೆ ಅದರಲ್ಲೇ ಬಿಡ್ಬೇಡಿ. ಐಸ್ ಬೇಕಾಗೋದೂ ಕಮ್ಮಿ. ತಕ್ಷಣಕ್ಕೆ ಬೇಕು ಅಂದ್ರೆ ಆಗಲ್ಲ ಅನ್ನೋದೊಂದೇ ಇದರ ಕೊರತೆ, ರಾತ್ರಿ ಮಲಗೋ ಮುಂಚೆ ನೆನಪಿಟ್ಕೊಂಡು ಹಾಕ್ಬೇಕು. ಸಿಟಿಸಿ ಹಾಕಿದ್ರೆ ಪುಡಿ ಎಲ್ಲ ತಳದಲ್ಲಿ ಕೆಸರಾಗತ್ತೆ, ತೆಳು ಬಟ್ಟೇಲಿ ಸೋಸ್ಬೇಕು.

ಬಗ್ಗಡ ಆಗೋದರ ಬಗ್ಗೆ ಕೇಳಿದ್ರಲ್ಲ, ಅದು ಕೆಟ್ಟುಹೋಗಿರೋದರ ಗುರುತಲ್ಲ, ಅದಕ್ಕೆ ಟೀ ಕ್ರೀಮ್ ಅಂತಾರೆ. ಬಿಸಿ ಇರೋವಾಗ ಕೆಫೀನೂ, ಬ್ಲ್ಯಾಕ್ ಟೀಗೆ ಬಣ್ಣ ಕೊಡೋ ಥಿಯಾಫ್ಲಾವಿನ್, ಥಿಯಾರುಬಿಜಿನ್ ಅನ್ನೋ ಪಾಲಿಫಿನಾಲ್‌ಗಳೂ ನೀರಲ್ಲಿ ಕರಗಿರತ್ತೆ, ತಣ್ಣಗಾದ ಹಾಗೆ ಒಂದಕ್ಕೊಂದು ಅಂಟ್ಕೊಂಡು ಕಣ್ಣಿಗೆ ಕಾಣೋ ಕಣಗಳಾಗತ್ತೆ. ಟೀ ಎಷ್ಟು ಗಟ್ಟಿ ಇದೆಯೋ ಅಷ್ಟು ಜಾಸ್ತಿ, ಗಡಸು ನೀರಾದ್ರೆ ಅದರಲ್ಲಿರೋ ಕ್ಯಾಲ್ಸಿಯಂನಿಂದ ಇನ್ನೂ ಜಾಸ್ತಿ. ನಿಮ್ಮ ಟೀ ಚೆನ್ನಾಗಿ ಕುದ್ದು ಗಟ್ಟಿಯಾಗಿ ನೇರ ಫ್ರಿಜ್‌ಗೆ ಹೋಗ್ತಾ ಇದೆ, ಹಾಗಿದ್ಮೇಲೆ ಬಗ್ಗಡ ಆಗ್ದೇ ಇರೋಕೆ ಸಾಧ್ಯಾನೇ ಇಲ್ಲ. ಫ್ರಿಜ್‌ಗೆ ಇಡೋದಾದ್ರೆ ಮೊದಲೇ ನೀರು ಬೆರೆಸಿ ಕುಡಿಯೋ ಹದಕ್ಕೆ ತೆಳು ಮಾಡಿ, ಹೊರಗೆ ಒಂದು ಗಂಟೆ ಆರಿಸಿ, ಆಮೇಲೆ ಇಡಿ. ಫಿಲ್ಟರ್ ನೀರು ಬಳಸಿ, ಕ್ಲೋರಿನ್ ವಾಸನೆನೂ ಹೋಗತ್ತೆ. ಈಗಾಗ್ಲೇ ಬಗ್ಗಡ ಆಗಿರೋದಕ್ಕೆ ಸ್ವಲ್ಪ ಕುದಿಯೋ ನೀರು ಹಾಕಿ ತಿರುಗಿಸಿದ್ರೆ ಬಹುಪಾಲು ತಿಳಿಯಾಗತ್ತೆ. ಐಸ್ ಮೇಲೆ ಸುರಿದು ಮಾಡಿದ ಟೀನೂ ಒಂದೆರಡು ಗಂಟೆ ಇಟ್ರೆ ಸ್ವಲ್ಪ ಮಬ್ಬಾಗಬಹುದು, ರುಚಿಗೇನೂ ಆಗಲ್ಲ, ಮಾಡಿದ ತಕ್ಷಣ ಕುಡಿಯೋದು ಒಳ್ಳೇದು. ಕೋಲ್ಡ್ ಬ್ರೂಲಿ ಈ ತೊಂದ್ರೆ ಬಹಳ ಕಮ್ಮಿ. ಕೆಲವರು ಚಿಟಿಕೆ ಅಡುಗೆ ಸೋಡ ಹಾಕ್ತಾರೆ, ಒಗರು ತಗ್ಗೋದು ನಿಜ, ಬಣ್ಣ ಕಪ್ಪಾಗತ್ತೆ, ಸ್ವಲ್ಪ ಹೆಚ್ಚಾದ್ರೂ ಸೋಪಿನ ರುಚಿ ಬರತ್ತೆ, ಸರಿಯಾಗಿ ನೆನೆಸಿದ ಟೀಗೆ ಅದು ಬೇಕಾಗೋದೇ ಇಲ್ಲ.

ಸಕ್ಕರೆ ತಳದಲ್ಲಿ ಕೂರೋದು ತಣ್ಣೀರಿಗೆ ಸಕ್ಕರೆ ಹಿಡಿಯಲ್ಲ ಅಂತಲ್ಲ, ತಣ್ಣೀರಲ್ಲೂ ಬೇಕಾದಷ್ಟು ಸಕ್ಕರೆ ಕರಗತ್ತೆ, ಆದ್ರೆ ತುಂಬಾ ನಿಧಾನ, ಅಷ್ಟು ಹೊತ್ತು ಯಾರು ತಿರುಗಿಸ್ತಾ ಕೂರ್ತಾರೆ. ಸಮ ತೂಕದ ಸಕ್ಕರೆ, ನೀರು ಬಿಸಿ ಮಾಡಿ ಕರಗಿಸಿ ಸಿರಪ್ ಮಾಡಿಟ್ಕೊಳ್ಳಿ, ಸ್ವಚ್ಛ ಬಾಟಲಿಲಿ ಹಾಕಿ ಫ್ರಿಜ್‌ನಲ್ಲಿಟ್ರೆ ಎರಡು ವಾರ ಆರಾಮಾಗಿ ಇರತ್ತೆ, ಕುಡಿಯೋರು ಅವರವರ ಲೋಟಕ್ಕೆ ಬೇಕಾದಷ್ಟು ಹಾಕ್ಕೊಳ್ತಾರೆ. 15 ಎಂಎಲ್ ಸಿರಪ್‌ನಲ್ಲಿ ಹತ್ತಿರ ಹತ್ತಿರ 9 ಗ್ರಾಂ ಸಕ್ಕರೆ ಇರತ್ತೆ ಅನ್ನೋದು ಗಮನದಲ್ಲಿರಲಿ, ದಿನಕ್ಕೆ 25 ಗ್ರಾಂ ಆಸುಪಾಸಲ್ಲಿ ನಿಲ್ಲಿಸಿದ್ರೆ ಒಳ್ಳೇದು ಅನ್ನೋದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ, ಮೂರು ಲೋಟ ಕುಡಿದ್ರೆ ಅದು ಅಲ್ಲಿಗೇ ಮುಗೀತು. ಜೇನುತುಪ್ಪ ಹಾಕೋದಾದ್ರೆ ಅದನ್ನೂ ಮೊದಲು ಬೆಚ್ಚಗಿನ ನೀರಲ್ಲಿ ತೆಳು ಮಾಡಿ, ನೇರ ತಣ್ಣನೆ ಟೀಗೆ ಹಾಕಿದ್ರೆ ಉಂಡೆ ಕಟ್ಕೊಂಡು ತಳಕ್ಕೆ ಹೋಗತ್ತೆ.

ನಿಂಬೆ ಯಾವಾಗ್ಲೂ ಟೀ ತಣ್ಣಗಾದ ಮೇಲೆ, ಕುಡಿಯೋ ಮುಂಚೆ. ರಸ ಬಿದ್ದ ಕೂಡ್ಲೇ ಬಣ್ಣ ಬಿಳಚಿಕೊಳ್ಳತ್ತೆ, ಟೀ ತೆಳುವಾಯ್ತು ಅಂತ ತಿಳ್ಕೋಬೇಡಿ, ಹುಳಿಗೆ ಟೀಯ ಬಣ್ಣ ಬದಲಾಗೋದು ಅಷ್ಟೇ. ನಿಂಬೆ ಬಿಲ್ಲೆಗಳನ್ನ ಜಗ್‌ನಲ್ಲಿ ರಾತ್ರಿಯಿಡೀ ಬಿಟ್ರೆ ಸಿಪ್ಪೆಯ ಒಳಗಿನ ಬಿಳಿ ಭಾಗದ ಕಹಿ ಇಳಿಯತ್ತೆ, ಬೇಕಾದ್ರೆ ಹಳದಿ ಸಿಪ್ಪೆ ಮಾತ್ರ ತೆಳ್ಳಗೆ ಹೆರೆದು ಹಾಕಿ, ಘಮ ಎಲ್ಲ ಅದರಲ್ಲೇ ಇರೋದು. ಪುದೀನ ರುಬ್ಬಬೇಡಿ, ಅಂಗೈಲಿಟ್ಟು ಒಂದ್ಸಲ ಚಪ್ಪಾಳೆ ತಟ್ಟಿ ಲೋಟಕ್ಕೆ ಹಾಕಿ, ರುಬ್ಬಿದ್ರೆ ಹಸಿ ಸೊಪ್ಪಿನ ರುಚಿ ಬರತ್ತೆ. ಶುಂಠಿ ಮಾತ್ರ ಬಿಸಿ ನೀರಲ್ಲಿ, ಟೀ ಎಲೆಗಿಂತ ಐದು ನಿಮಿಷ ಮೊದಲೇ ಹಾಕಿ. ಹಣ್ಣಿನ ತಿರುಳು ಹಾಕೋದಿದ್ರೆ ಆ ದಿನವೇ ಖಾಲಿ ಮಾಡಿ.

ಬಿಸಿಲಲ್ಲಿ ಬಾಟಲಿ ಇಟ್ಟು ಟೀ ಮಾಡೋ ಪದ್ಧತಿ ಬಗ್ಗೆ ತುಂಬಾ ಜನ ಕೇಳ್ತಾರೆ, ದಯವಿಟ್ಟು ಅದನ್ನ ಮಾಡ್ಬೇಡಿ. ಬಿಸಿಲಲ್ಲಿ ನೀರು 50, 55 ಡಿಗ್ರಿ ಮುಟ್ಟಿದ್ರೆ ಹೆಚ್ಚು, ಆ ಶಾಖಕ್ಕೆ ಎಲೇಲಿ, ನೀರಲ್ಲಿ ಇರೋ ಬ್ಯಾಕ್ಟೀರಿಯಾ ಸಾಯಲ್ಲ, ಬೆಚ್ಚಗಿನ ನೀರಲ್ಲಿ ಗಂಟೆಗಟ್ಟಲೆ ಬೆಳೆಯೋಕೆ ಅವಕ್ಕೆ ಅನುಕೂಲ ಮಾಡ್ಕೊಟ್ಟ ಹಾಗೆ ಆಗತ್ತೆ. ಟೀ ಲೋಳೆ ಲೋಳೆಯಾಗಿ ದಾರ ಎಳೆದ ಹಾಗಾದ್ರೆ ಚೆಲ್ಲಲೇಬೇಕು. ಕೋಲ್ಡ್ ಬ್ರೂನ ಫ್ರಿಜ್ ಒಳಗೇ ಮಾಡಿ ಅನ್ನೋದೂ ಇದೇ ಕಾರಣಕ್ಕೆ. ಫ್ರಿಜ್‌ನಲ್ಲಿ ಎರಡು ದಿನ, ಅದಕ್ಕಿಂತ ಜಾಸ್ತಿ ಬೇಡ, ಮುಚ್ಚಳ ಗಟ್ಟಿ ಇರಲಿ, ಟೀ ಪಕ್ಕದಲ್ಲಿರೋ ಈರುಳ್ಳಿ ವಾಸನೆನೂ ಎಳ್ಕೊಳ್ಳತ್ತೆ. ಐಸ್‌ಗೂ ಇದೇ ಮಾತು, ವಾರಗಟ್ಟಲೆ ಫ್ರೀಜರ್‌ನಲ್ಲಿ ತೆರೆದು ಬಿದ್ದಿರೋ ಐಸ್ ಹಾಕಿದ್ರೆ ಎಷ್ಟು ಒಳ್ಳೆ ಎಲೆ ಇದ್ರೂ ಫ್ರೀಜರ್ ರುಚಿನೇ ಬರೋದು. ಉಳಿದ ಟೀನೇ ಟ್ರೇಗೆ ಹಾಕಿ ಐಸ್ ಮಾಡಿಟ್ರೆ ಕರಗಿದ್ರೂ ರುಚಿ ತೆಳುವಾಗಲ್ಲ.

ಬೇಸಿಗೇಲಿ ಟೀ ಕುಡಿದ್ರೆ ದೇಹದ ನೀರು ಹೋಗತ್ತೆ ಅಂತ ಹೆದರಬೇಕಾಗಿಲ್ಲ, ದಿನಕ್ಕೆ ಮೂರು ನಾಲ್ಕು ಲೋಟದ ಮಟ್ಟಕ್ಕೆ ಅದು ನೀರಿನ ಲೆಕ್ಕಕ್ಕೇ ಸೇರತ್ತೆ. ಒಂದು ಲೋಟ ಬ್ಲ್ಯಾಕ್ ಟೀಲಿ ಸುಮಾರು 40, 50 ಮಿಲಿಗ್ರಾಂ ಕೆಫೀನ್, ಆರೋಗ್ಯವಂತ ದೊಡ್ಡವರಿಗೆ ದಿನಕ್ಕೆ 400 ಮಿಲಿಗ್ರಾಂ ಒಳಗೆ, ಗರ್ಭಿಣಿಯರಿಗೆ 200ರ ಒಳಗೆ ಇರಲಿ ಅಂತಾರೆ. ಆದ್ರೆ ಬಾಯಾರಿದಾಗೆಲ್ಲ ನೀರಿನ ಬದಲು ಇದನ್ನೇ ಕುಡಿಯೋದು ಒಳ್ಳೇದಲ್ಲ. ಬ್ಲ್ಯಾಕ್ ಟೀಲಿ ಆಕ್ಸಲೇಟ್ (ಕಿಡ್ನಿಲಿ ಕಲ್ಲು ಕಟ್ಟಿಸಬಲ್ಲ ಅಂಶ) ಇರತ್ತೆ, ದಿನಕ್ಕೆ 16 ಲೋಟ ಐಸ್ಡ್ ಟೀ ಕುಡೀತಿದ್ದ ಒಬ್ಬರ ಕಿಡ್ನಿ ಕೆಲಸ ನಿಲ್ಲಿಸಿದ ಪ್ರಕರಣ 2015ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್ ಅನ್ನೋ ವೈದ್ಯಕೀಯ ಪತ್ರಿಕೇಲಿ ವರದಿಯಾಗಿತ್ತು. ಅಷ್ಟು ಯಾರೂ ಕುಡಿಯಲ್ಲ ಅನ್ನಿ, ಆದ್ರೂ ಕಿಡ್ನಿ ಕಲ್ಲಿನ ತೊಂದ್ರೆ ಇರೋರು ಡಾಕ್ಟರ್ ಹತ್ರ ಕೇಳ್ಕೊಂಡು ಕುಡೀಬೇಕು. ರಕ್ತಹೀನತೆ ಇರೋರು ಊಟದ ಜೊತೆ ಬೇಡ, ಒಂದು ಗಂಟೆ ಬಿಟ್ಟು ಕುಡಿಯಿರಿ, ಟ್ಯಾನಿನ್ ಊಟದಲ್ಲಿರೋ ಕಬ್ಬಿಣದ ಅಂಶ ಹೀರದ ಹಾಗೆ ಮಾಡತ್ತೆ.

ಮಕ್ಕಳಿಗೆ ಟೀ ಎಲೆ ಹಾಕಿದ್ದು ಕೊಡಬೇಡಿ ಅನ್ನೋದೇ ನನ್ನ ಸಲಹೆ, ಕೆಫೀನ್ ಅವರ ನಿದ್ದೆ ಕೆಡಿಸತ್ತೆ. ಅವರಿಗೆ ಅಂತ ಕೆಂಪು ಹೈಬಿಸ್ಕಸ್ (ದಾಸವಾಳದ ಜಾತಿಯ ಒಣಗಿಸಿದ ಹೂವು) ಟೀ ಮಾಡಿ, ಅದರಲ್ಲಿ ಕೆಫೀನ್ ಇಲ್ಲ, ಬಣ್ಣ ಮಾಣಿಕ್ಯದ ಹಾಗಿರತ್ತೆ, ಹುಳಿ ಹುಳಿ ಇರೋದ್ರಿಂದ ಮಕ್ಕಳಿಗೆ ಇಷ್ಟ ಆಗತ್ತೆ. ಅರ್ಧ ಲೀಟರ್ ಕುದಿಯೋ ನೀರಿಗೆ 8 ಗ್ರಾಂ ಒಣಗಿದ ಹೈಬಿಸ್ಕಸ್, 5 ನಿಮಿಷ, ಸ್ವಲ್ಪ ಸಿರಪ್, ನೀರಿನಷ್ಟೇ ತೂಕದ ಐಸ್. ಇದನ್ನ ತಣ್ಣೀರಲ್ಲಿ ನೆನೆಸ್ಬೇಡಿ, ಇಂಥ ಹೂವು, ಸೊಪ್ಪುಗಳನ್ನ ಟೀ ಎಲೆ ಥರ ಬಿಸಿ ಗಾಳೀಲಿ ಒಣಗಿಸಿರ್ತಾರೆ ಅಂತ ಹೇಳೋಕಾಗಲ್ಲ, ಬ್ಯಾಕ್ಟೀರಿಯಾ ಉಳಿದಿರಬಹುದು, ಹಾಗಾಗಿ ಕುದಿಯೋ ನೀರೇ ಬೀಳಬೇಕು. ಮನೇಲಿ ಬಿಪಿ ಮಾತ್ರೆ ತಗೊಳ್ಳೋರಿದ್ರೆ ಅವರು ಮಾತ್ರ ಇದನ್ನ ದಿನಾ ಕುಡಿಯೋ ಮುಂಚೆ ಡಾಕ್ಟರ್‌ನ ಒಂದು ಮಾತು ಕೇಳಲಿ, ಹೈಬಿಸ್ಕಸ್ ಬಿಪಿ ಸ್ವಲ್ಪ ಇಳಿಸತ್ತೆ.